ಅತ್ತೆ ಸೊಸೆ ಹೋದ ಕಾಲೇಜು

ಪದ್ಮಶ್ರೀ ಎಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಬಂದದ್ದು 2004ರಲ್ಲಿ. ಮಗಳು ಗೌತಮಿ ಆಗಿನ್ನೂ ಹಾಲು ಕುಡಿಯುವ ಕೂಸು. ಗಂಡ ಸುಧೀರ ಬೆಳಗಾದರೆ ಮುರ್ಮುಗಾಂವ್ ಬಂದರಿನ ಕಚೇರಿಗೆ ಬಸ್ಸು ಹಿಡಿಯುವವನು. ಓದು ಬಿಟ್ಟುಬಿಡುತ್ತೇನೆ ಎಂದು ಅವಳು ಹೇಳಿದಾಗ, ಮೊಮ್ಮಗಳನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದಿದ್ದ ಅತ್ತೆ ಅಂಬಾಬಾಯಿ ಗದರಿದರು.

"ಬಿಡೂದ್ಯಾಕ? ಕೂಸಿನ್ನ ಎತ್ಕೊಂಡು ನಾನೂ ಬರ್ತೀನಿ, ನಡಿ."

ಅದರಲ್ಲಿ ಅವರ ಸ್ವಾರ್ಥವೂ ಸ್ವಲ್ಪ ಇತ್ತು. ಫಾತೋರ್ಡಾದಲ್ಲಿದ್ದ ಮಗನ ಮನೆಯಲ್ಲಿ ಅವರಿಗೆ ಭಾರೀ ಬೇಸರ. ಕೊಂಕಣಿ ಬಾರದು, ಟಿವಿ ಸೇರದು. ಕಾಲೇಜಿನ ಗೇರುಮರದ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತರೋ ಇಲ್ಲವೋ, ಹುಡುಗ ಹುಡುಗಿಯರೆಲ್ಲ 'ಆಜಿ, ಆಜಿ' ಎನ್ನುತ್ತ ಸುತ್ತ ಸೇರತೊಡಗಿದರು. ಪದ್ಮಶ್ರೀ ತರಗತಿಗಳ ನಡುವೆ ಓಡಿ ಬಂದು ಹಾಲೂಡಿಸಿ ಹೋಗುತ್ತಿದ್ದಳು.

ಮೊದಲ ಸೆಮಿಸ್ಟರಿನಲ್ಲಿ ಡಿಜಿಟಲ್ ಕಮ್ಯುನಿಕೇಶನ್ ಪೇಪರು ಹೋಯಿತು. ಅತ್ತೆ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. "ಇನ್ನ ದಿನಾ ನನಗ ಪಾಠ ಹೇಳು. ಬಾಯಿಬಿಟ್ಟು ಹೇಳಿದ್ರ ತಲ್ಯಾಗ ಉಳೀತದ" ಎಂದರು. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಪಾಠ ಶುರುವಾಯಿತು. ಎಷ್ಟೋ ಸಲ ಅವರು ಅರ್ಧಕ್ಕೇ ಆಕಳಿಸುತ್ತಿದ್ದರು.

ಒಂದು ದಿನ ಮಾತ್ರ ಕಿವಿ ನಿಮಿರಿತು. ಧಾರವಾಡದ ತಂಗಿಗೆ ಅವರು ಬಸ್ಸಿನ ಕಂಡಕ್ಟರನ ಕೈಲಿ ಉಪ್ಪಿನಕಾಯಿ ಭರಣಿ ಕಳಿಸಿದ್ದರು. ಮುಟ್ಟಿತೆಂದು ಫೋನು ಬರಲಿಲ್ಲ. ಕಾದು ಕಾದು ಇನ್ನೊಂದು ಕಳಿಸಿದರು. ಆಮೇಲೆ ನೋಡಿದರೆ ಎರಡೂ ಮುಟ್ಟಿದ್ದವು!

"ನೆಟ್‌ವರ್ಕಿನ್ಯಾಗೂ ಹಿಂಗ ಆಗ್ತದ್ರಿ," ಎಂದಳು ಪದ್ಮಶ್ರೀ. "ಮುಟ್ಟಿತು ಅಂತ ಉತ್ತರ ಬರಲಿಲ್ಲಂದ್ರ ಅದ ಪ್ಯಾಕೆಟ್ ಮತ್ತ ಕಳಸ್ತಾರ. ಆದ್ರ ಅದಕ್ಕ ನಂಬರ್ ಇರ್ತದ. ಮೊದಲ ಬಂದಿದ್ರ ಎರಡನೇದ್ದು ಒಗೀತಾರ."

"ಒಗೀತಾರ? ನಮ್ಮಾಕಿ ಎರಡೂ ಇಟ್ಕೊಂಡಾಳ ನೋಡು!"

ಆ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ಪದ್ಮಶ್ರೀಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇಕೆಂದು ಪರೀಕ್ಷಕರು ಗಂಭೀರವಾಗಿ ಕೇಳಿದಾಗ ಹೆದರುತ್ತಲೇ ಭರಣಿಯ ಕತೆ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮುಂದಿನ ಪ್ರಶ್ನೆಗಳಿಗೆ ಅವಳ ನಾಲಿಗೆ ತಡವರಿಸಲೇ ಇಲ್ಲ.

ಹಿಂದುಳಿದಿದ್ದ ಪೇಪರೂ ಸೇರಿ ಎಲ್ಲ ಪಾಸಾಯಿತು. ಸುಧೀರ ಪೇಡೆ ತಂದ. ಅಂಬಾಬಾಯಿ ಮಾತ್ರ ಸಪ್ಪಗಿದ್ದರು.

"ಯಾಕ್ರಿ ಅತ್ತಿ, ಖುಷಿ ಆಗಲಿಲ್ಲೇನು?"

"ಆಗೇದವಾ, ಭಾಳ ಆಗೇದ. ಆದ್ರ ನಾಳಿಂದ ನಾ ಎಲ್ಲಿಗೆ ಹೋಗ್ಲಿ?" ಎಂದು ಸೆರಗು ಸರಿಮಾಡಿಕೊಂಡರು. "ಇದರ ಮುಂದ ಮತ್ತೇನರೆ ಓದೂದು ಇರ್ತದೇನು?"

ಇತ್ತು. ಎರಡು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ಪದ್ಮಶ್ರೀ ಎಂ.ಇ. ಸೇರಿದಳು. ಗೌತಮಿ ಅಷ್ಟರಲ್ಲಿ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಅಜ್ಜಿ ಕಾಲೇಜಿಗೆ ಬರಬೇಕಾದ ಕಾರಣವೇ ಇರಲಿಲ್ಲ. ಆದರೂ ಮೊದಲ ದಿನ ಅವರು ಇಳಕಲ್ ಸೀರೆ ಉಟ್ಟು, ಸೊಸೆಗಿಂತ ಮೊದಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು.