ಇನ್ವರ್ಟರ್ ಮಾವನ ನುಣುಪು ಕರೆಂಟು

ಕರೆಂಟು ಹೋದ ಹೊತ್ತಿನಲ್ಲಿ ಯಾರ ಮನೆಗೆ ಹೋದರೂ ಇನ್ವರ್ಟರ್ ಮಾವ ಮೊದಲು ವಿಚಾರಿಸುವುದು ಫ್ಯಾನಿನ ಆರೋಗ್ಯವನ್ನು. ತಲೆಯೆತ್ತಿ ಕಿವಿಗೊಟ್ಟು, "ಗುಂಯ್ ಅಂತಿದೆ ನೋಡಿ. ನಿಮ್ಮ ಇನ್ವರ್ಟರ್ ಕೊಡೋದು ಮೆಟ್ಟಿಲು ಮೆಟ್ಟಿಲು ಕರೆಂಟು. ಅದು ಅಲೆ ಥರ ನುಣ್ಣಗೆ ಏರಿಳೀಬೇಕು" ಎನ್ನುತ್ತಾರೆ, ಅಷ್ಟರಲ್ಲಿ ಕೊಟ್ಟ ಚಹಾ ಆರಿರುತ್ತದೆ. ಅಂಥ ಇನ್ವರ್ಟರನ್ನು ತಾವೇ ಮಾಡಲು ಹೊರಟು ಊಟದ ಮೇಜನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ಟ್ರಾನ್ಸಿಸ್ಟರು ಢಬ್ಬೆಂದು ಸುಟ್ಟಾಗಲೆಲ್ಲ ಹೆಂಡತಿ ಅಡುಗೆಮನೆಯಿಂದಲೇ, "ಒಗ್ಗರಣೆ ಆಯ್ತೇನ್ರೀ?" ಎಂದು ಕೇಳುವರು. ಮಾವ ಬೇಸರಪಡದೆ ಕಾಯಿಲ್ ಬಿಚ್ಚಿ ಮತ್ತೆ ಸುತ್ತುವರು. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಹಾರಿಕೆಯ ಉತ್ತರ ಕೊಡುವರು. ಒಳಕೋಣೆಯಲ್ಲಿ ಅವರ ಅಕ್ಕ ಇದ್ದಾರೆ. ಕಣ್ಣು ಹೋದ ಮೇಲೆ ಅವರಿಗೆ ರೇಡಿಯೋನೇ ಜೊತೆ. ಕರೆಂಟು ಹೋದರೆ ಹಳೆಯ ಇನ್ವರ್ಟರಿನ ಗೊರಗೊರದಲ್ಲಿ ಹಾಡು ಮುಳುಗಿಹೋಗುತ್ತಿತ್ತು. ಕೊನೆಗೂ ತಾವೇ ಮಾಡಿದ ಹೊಸದನ್ನು ಜೋಡಿಸಿದ ಮರುದಿನ ಮಧ್ಯಾಹ್ನ, ಹಾಡಿನ ನಡುವೆ ಕರೆಂಟು ಹೋಯಿತು. ಮಾವ ರೇಡಿಯೋಗೆ ಕಿವಿಗೊಟ್ಟು ಬಾಗಿಲಲ್ಲಿ ನಿಂತು, "ಅಕ್ಕಾ, ಕರೆಂಟು ಹೋಯ್ತು" ಎಂದರು. "ಎಲ್ಲೋ ಹೋಯ್ತು? ಸುಮ್ನಿರು, ಹಾಡು ಕೇಳೋಕ್ ಬಿಡು" ಎಂದು ಅಕ್ಕ ಗದರಿದರು. ಬೈಸಿಕೊಂಡ ಮಾವ ಹೊಸ್ತಿಲ ಮೇಲೆ ಕುಳಿತು, ಹಾಡು ಮುಗಿಯುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.