ಕೆಂಪರಾಜಣ್ಣನ ಬಚ್ಚಲ ಕಲ್ಲು

ಕೆಂಪರಾಜಣ್ಣನಿಗೆ ಓದು ಅಷ್ಟಕ್ಕಷ್ಟೇ. ಆದರೆ ಹೊಸಕೋಟೆ ಸೀಮೆಯ ಯಾವ ಶಾಸನದ ಕಲ್ಲನ್ನು ತೋರಿಸಿದರೂ ಕಣ್ಣು ಮುಚ್ಚಿ, ಬೆರಳಾಡಿಸಿ, ಇದು ಗಂಗರದು, ಇದು ಚೋಳರದು ಎಂದು ಹೇಳಿಬಿಡುತ್ತಾರೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಮೊದಮೊದಲು ಇದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಅವರು ಜಡಿಗೇನಹಳ್ಳಿ ಹೋಬಳಿಯ ರೈತರು. ಹನ್ನೊಂದು ವರ್ಷದ ಹಿಂದೆ ಅವರ ರಾಗಿ ಹೊಲದ ಬದುವಿನಲ್ಲಿ ನಾನೊಂದು ಶಾಸನದ ಪಡಿಯಚ್ಚು ತೆಗೆಯುತ್ತಿದ್ದೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದೊಳಗೆ ಇಳಿಯುವವರೆಗೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಬೇಕು. ನನ್ನ ಕಾಗದ ಮೂರು ಸಲ ಹರಿಯಿತು. ನೋಡುತ್ತಾ ನಿಂತಿದ್ದವರು ಬ್ರಷ್ಷು ಇಸಿದುಕೊಂಡರು, ಇವತ್ತಿನವರೆಗೂ ವಾಪಸು ಕೊಟ್ಟಿಲ್ಲ.

ಕುತೂಹಲವೆಂದರೆ ಅವರದು. ನಾನು ಓದಲು ಶುರುಮಾಡಿದರೆ ಅರಸರ ಬಿರುದುಗಳಿಗೆ ಆಕಳಿಸುತ್ತಾರೆ. ಯಾರಿಗೆ ಕೊಟ್ಟರು, ಎಷ್ಟು ಗದ್ದೆ, ಅವನು ಏನು ಕೆಲಸ ಮಾಡುತ್ತಿದ್ದ ಎಂದು ಪ್ರಾಣ ಹಿಂಡುತ್ತಾರೆ. ಗಂಗರು ಹೋಗಿ ಚೋಳರು ಬಂದರು, ಆಮೇಲೆ ಹೊಯ್ಸಳರು, ವಿಜಯನಗರದವರು, ಪಾಳೆಯಗಾರರು, ಬಿಜಾಪುರದವರು, ಮೈಸೂರಿನವರು, ಕೊನೆಗೆ ಬಂಡೆಗೆ ಬಾಣದ ಗುರುತು ಕೊರೆದು ಹೋದ ಇಂಗ್ಲಿಷರ ಸರ್ವೆಯವರು. ಇಷ್ಟೂ ಜನರ ಕಲ್ಲು ತೊಳೆದ ಕೆಂಪರಾಜಣ್ಣ ಕಂಡುಕೊಂಡದ್ದು ಇಷ್ಟು: ಮೊದಲು ದೊರೆ, ಆಮೇಲೆ ದಾನ, ಆಮೇಲೆ ಪಡೆದವನು, ಕೊನೆಗೆ ಕಲ್ಲು ಕೆಡಿಸಿದವನಿಗೆ ಶಾಪ.

“ದೊರೆಗಳು ಬದಲಾದ್ರೂ ಬೈಗುಳ ಬದಲಾಗಿಲ್ಲ ನೋಡಿ ಮೇಡಂ” ಎಂದು ನಗುತ್ತಿದ್ದರು.

ಹೋದ ವರ್ಷ ಅವರ ಊರಿನ ಕೆರೆಯ ತೂಬು ಸರಿಮಾಡುವಾಗ ಜೆಸಿಬಿಗೆ ಒಂದು ಚಪ್ಪಡಿ ಸಿಕ್ಕಿತು. ಓಡಿಹೋದೆ. ವಿಜಯನಗರದ ಕಾಲದ ಕನ್ನಡ. ಕೆರೆ ಒಡೆದಿತ್ತು, ಕಟ್ಟಿಸಿದರು, ವರ್ಷವರ್ಷವೂ ಬಂಡಿ ಹೂಡಿ ಹೂಳು ಹೊರುವವನಿಗೆ ಗದ್ದೆ ಬಿಟ್ಟರು ಎಂದಿತ್ತು. ಅವನ ಹೆಸರು ಬರಬೇಕಾದ ಕಡೆ ಕಲ್ಲೇ ಮುಗಿದಿತ್ತು. ಅಂಚಿನಲ್ಲಿ ಬೆಣೆ ಹೊಡೆದು ಸೀಳಿದ ಅರ್ಧರ್ಧ ಗುಳಿಗಳು. ನನಗೆ ಪಿತ್ತ ನೆತ್ತಿಗೇರಿತು. ಒಡೆದವನ ಕೈ ಸೇದಿಹೋಗಲಿ ಎಂದು ಜೋರಾಗಿಯೇ ಬೈದೆ.

ಕೆಂಪರಾಜಣ್ಣ ಅವತ್ತು ಏನೂ ಕೇಳಲಿಲ್ಲ. ಗುಳಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಮೊದಲ ಸಲ ಅವರ ಕೈಯಲ್ಲಿ ಕಾಗದ ಹರಿಯಿತು.

ಮೂರನೆಯ ದಿನ ಕಾಲೇಜಿಗೆ ಬಂದು ಸ್ಟಾಫ್ ರೂಮಿನ ಹೊರಗೆ ನಿಂತರು.

“ಒಡ್ದಿದ್ದು ನಾನೇ ಮೇಡಂ.”

ನಲವತ್ತೆರಡು ವರ್ಷದ ಹಿಂದಿನ ಮಾತು. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಭಾಗ್ಯಮ್ಮ ತಡಿಕೆ ಮರೆಯಲ್ಲಿ, ಕೆಸರಿನಲ್ಲಿ ನಿಂತು ಸ್ನಾನ ಮಾಡುವುದು ನೋಡಲಾಗಲಿಲ್ಲವಂತೆ. ಕಲ್ಲುಗಣಿಯಲ್ಲಿ ಎರಡು ಬೇಸಗೆ ದುಡಿದು ಬೆಣೆ ಹೊಡೆಯುವುದು ಕಲಿತಿದ್ದರು. ಕೆರೆ ಏರಿಯ ಪಕ್ಕ ಬಿದ್ದಿದ್ದ ಕಲ್ಲನ್ನು ಸೀಳಿ, ಅರ್ಧ ಅಲ್ಲೇ ಬಿಟ್ಟು, ಅರ್ಧ ತಂದು ಬಚ್ಚಲಿಗೆ ಹಾಸಿದರು. ಕಾಲಿಗೆ ಒತ್ತದಿರಲೆಂದು ಗೀಚಿದ ಕಡೆಯನ್ನು ಕೆಳಗೆ ಮಾಡಿದರು. ಅದು ಅಕ್ಷರವೆಂದು ತಿಳಿದದ್ದು ನನ್ನ ಜೊತೆ ಸೇರಿದ ಮೇಲೆ. ಆಮೇಲೆ ಶಾಪದ ಭಯ, ನನ್ನ ಬಾಯಿಯ ಭಯ. ಹತ್ತು ವರ್ಷ ಅದರ ಮೇಲೆಯೇ ಕೂತು ತಲೆಗೆ ನೀರು ಹುಯ್ದುಕೊಂಡಿದ್ದರು.

ಮತ್ತೆ ಈಗ ಯಾಕೆ ಹೇಳಿದಿರಿ ಎಂದೆ.

“ಇಷ್ಟು ಕಲ್ಲು ತೊಳ್ದಿದೀನಿ, ಮಣ್ಣು ಹೊತ್ತ ಒಬ್ಬನ ಹೆಸರೂ ಬಂದಿಲ್ಲ. ಇದ್ರಲ್ಲಿ ಐತೆ. ಅವ್ನು ಯಾರು ಅಂತ ಗೊತ್ತಾಗ್ಬೇಕು.”

ಮನೆಗೆ ಹೋದೆವು. ಭಾಗ್ಯಮ್ಮ ಮೊದಲು ಗಂಡನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಸುತ್ತ ಹೊಸ ಟೈಲ್ಸ್ ಹಾಕಿಸಿ ಇನ್ನೂ ತಿಂಗಳಾಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅದೇ ಕಲ್ಲಿನ ಮೇಲೆ ಎರೆದು ಬೆಳೆಸಿದ ಮಕ್ಕಳಿಗೆ ಶಾಪ ತಟ್ಟುತ್ತದೆಯೇ ಎಂದು ಕೇಳಿದರು. ನನ್ನ ಇತಿಹಾಸಕ್ಕೆ ಅದು ಗೊತ್ತಿಲ್ಲ ಎಂದು ನಿಜವನ್ನೇ ಹೇಳಿದೆ. ಭಾಗ್ಯಮ್ಮ ಸೆರಗು ಸಿಕ್ಕಿಸಿಕೊಂಡರು.

“ಎತ್ತಿ. ನನಗೋಸ್ಕರ ಒಡ್ದಿದ್ದು, ನಾನೂ ಒಂದು ಕೈ ಹಾಕ್ತೀನಿ.”

ಹಾರೆ ಹಾಕಿ ಮೂವರೂ ಮಗುಚಿದೆವು. ಕೆಂಪರಾಜಣ್ಣ ತೊಳೆದರು. ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದೆ. ಈ ಧರ್ಮಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಸಾಲಿನಲ್ಲಿ ಒಂದಕ್ಷರವೂ ಮುಕ್ಕಾಗಿರಲಿಲ್ಲ. ಅದರ ಮೇಲೆ ಗದ್ದೆಯ ಎಲ್ಲೆ, ಅದೂ ಪೂರ್ತಿ. ಎಲ್ಲಕ್ಕಿಂತ ಮೇಲಿನ ಸಾಲಿಗೆ ಬಂದು ನಿಲ್ಲಿಸಿದೆ.

ಬೆಣೆಯ ಐದು ಗುಳಿಗಳೂ ಸರಿಯಾಗಿ ಆ ಸಾಲಿನ ಮೇಲೇ ಬಿದ್ದಿದ್ದವು. ಹೂಳು ಹೊತ್ತವನ ಹೆಸರು ಹೋಗಿತ್ತು, ಅವನ ತಂದೆಯ ಹೆಸರೂ ಹೋಗಿತ್ತು. ನಡುವೆ ಉಳಿದದ್ದು ‘ನ ಮಗ’ ಎಂಬ ಮೂರೇ ಅಕ್ಷರ.

ಓದಿ ಹೇಳಿದೆ. ಕೆಂಪರಾಜಣ್ಣ ಕಣ್ಣು ಮುಚ್ಚಿಕೊಂಡು ಗುಳಿಯಿಂದ ಗುಳಿಗೆ ಬೆರಳಾಡಿಸಿದರು, ಮತ್ತೆ ಮೊದಲಿನಿಂದ ಆಡಿಸಿದರು. ಎಲ್ಲಾದರೂ ಒಂದು ಗೆರೆ ಸಿಗಬಹುದೆಂಬ ಆಸೆ ಅವರಿಗೆ. ನನಗೂ ಇತ್ತು.

“ದಾರ ಹಿಡ್ದು ಅಳತೆ ಮಾಡಿ ಹೊಡ್ದಿದ್ದೆ” ಎಂದರು. ಆಮೇಲೆ ನನ್ನ ನೋಟ್‌ಬುಕ್ಕಿನ ಕಡೆ ನೋಡಿದರು. “ಯಾರೋ ಒಡ್ದವ್ರೆ ಅಂತ ಬರೀಬೇಡಿ ಮೇಡಂ. ನನ್ನ ಹೆಸರು ಬರೀರಿ. ನಮ್ಮಪ್ಪನ್ದೂ ಸೇರ್ಸಿ.”

ಬೇಡ ಎನ್ನಲು ನೋಡಿದೆ. ಅವರು ಕಾಗದ ನೆನೆಸಲು ಬಕೆಟ್ಟಿಗೆ ನೀರು ತುಂಬುತ್ತಾ, ಬರೆದಾಯಿತೇ ಎಂದು ಎರಡು ಸಲ ಕೇಳಿದರು. ಭಾಗ್ಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ‘ಬೈರಣ್ಣನ ಮಗ ಕೆಂಪರಾಜ್ ಒಡೆದದ್ದು’ ಎಂದು ಬರೆದುಕೊಂಡೆ.