ಗಿರಿಜಾಳ ಒಡಪಿನೊಳಗೆ ಚನ್ನಪ್ಪ

ಕುಂಯ್... ಕುಂಯ್... ಕರೆಂಟು ಹೋದೊಡನೆ ರುಕ್ಸಾನಾಳ ಕಂಪ್ಯೂಟರ್ ಕ್ಲಾಸಿನ ಬ್ಯಾಟರಿ ಡಬ್ಬಿಗಳೆಲ್ಲ ಹಸಿದ ನಾಯಿಮರಿಗಳಂತೆ ಒಟ್ಟಿಗೇ ಅಳುತ್ತಿದ್ದವು. ಇವತ್ತು ಮುದ್ದೇಬಿಹಾಳದ ಔಷಧಿ ಅಂಗಡಿಯಲ್ಲಿ ಅದೇ ಕುಂಯ್ ಕೇಳಿ ನನಗೆ ನಗು ಉಕ್ಕಿತು. ಬಿ.ಪಿ. ಮಾತ್ರೆ ಕೊಡುತ್ತಿದ್ದವನು ಗಾಬರಿಯಾದ. ಒಬ್ಬಳೇ ನಗುವ ಮುದುಕಿಯನ್ನು ಕಂಡರೆ ಪ್ರೆಶರ್ ಏರಿದೆಯೆಂದೇ ಜನ ತಿಳಿಯುತ್ತಾರೆ. ನೀವು ಹಾಗೆ ತಿಳಿಯಬೇಡಿ, ಕಾರಣ ಹೇಳುತ್ತೇನೆ.

ನನ್ನ ಗೆಳತಿ ಗಿರಿಜಾ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಅವಳ ವಯಸ್ಸಿನವರು ಬಹಳ ಪಟ್ಟು ಹಿಡಿದರೆ ಒಡಪು ಕಟ್ಟಿ, ಪ್ರಾಸದ ಸಂದಿಯಲ್ಲಿ ಹೆಸರು ತೂರಿಸಿ, ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಗಿರಿಜಾ ಅದನ್ನೂ ಮಾಡಿದವಳಲ್ಲ. ಗಂಡ ಬಸವಂತಪ್ಪ, ಆದ್ದರಿಂದ ಬಸ್ಸು ಕೂಡ ಅವಳ ಬಾಯಲ್ಲಿ ಗಾಡಿ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ, ವೆರಿ ಮಾಡರ್ನ್. ಅವರು ಓಗೊಡುತ್ತಿದ್ದದ್ದು ಮಾತ್ರ ಅಪರೂಪ.

ವಿಜಯಪುರದಲ್ಲಿ ಹಾರ್ಟ್ ಆಪರೇಷನ್ ಎಂದು ಗೊತ್ತಾದಾಗ ಬಸವಂತಪ್ಪ ಹೆಂಡತಿಯನ್ನು ಕೇಳಿದ್ದು ಒಂದೇ: "ನಾ ಒಳಗ ಹೋಗೂಕಿಂತ ಮೊದಲ ನಿನ್ನಿಂದ ನನ್ನ ಹೆಸರ ಒಮ್ಮೆರ ಬರ್ಲಿ."

"ಬಾಯಾಗ ಬರಂಗಿಲ್ಲ, ಬರವಣಿಗ್ಯಾಗ ಬರ್ಲಿ," ಎಂದು ಗಿರಿಜಾ ನನ್ನನ್ನು ರುಕ್ಸಾನಾಳಲ್ಲಿಗೆ ಎಳೆದೊಯ್ದಳು. ನನ್ನ ಹಳೆಯ ವಿದ್ಯಾರ್ಥಿನಿ ರುಕ್ಸಾನಾ ಆಗ ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ಹೆಂಗಸರ ಒಡಪುಗಳ ವೆಬ್‌ಸೈಟ್ ಕಟ್ಟುತ್ತಿದ್ದಳು. ಗಿರಿಜಾ ಒಡಪು ಬರೆದಳು. ಹೆಸರಿನ ಜಾಗ ಖಾಲಿ ಬಿಟ್ಟಳು!

"ಅಲ್ಲಿ ನೀನ ತುಂಬವಾ."

"ಚಿಂತಿ ಬ್ಯಾಡ್ರಿ ಕಾಕೂ," ಎಂದಳು ರುಕ್ಸಾನಾ. ಪುಟವೆಂದರೆ ಒಂದೇ ಫೈಲಲ್ಲವಂತೆ. ತಲೆಬರಹದ ಫೈಲು, ಒಡಪಿನ ಫೈಲು, ಉಪಕಾರ ಸ್ಮರಣೆಯ ಫೈಲು. ಮುಖ್ಯ ಪುಟ ಅವನ್ನು ಒಂದೊಂದಾಗಿ ಒಳಗೆ ಕರೆಯುತ್ತದೆ. ತಲೆಬರಹದಲ್ಲಿ 'ಹೆಸರು' ಎಂಬ ಚೀಟಿ ಹಚ್ಚಿ ಬಸವಂತಪ್ಪ ಎಂದಿಟ್ಟರೆ, ಆಮೇಲೆ ಬರುವ ಫೈಲುಗಳೆಲ್ಲ, ಒಡಪಿನ ಖಾಲಿ ಜಾಗ ಕೂಡ, ಅದನ್ನೇ ಬಳಸಬಹುದು. ಒಂದೇ ಅಡುಗೆಮನೆಯ ಉಪ್ಪಿನ ಡಬ್ಬಿ, ಸೊಸೆಯಂದಿರು ಮೂವರು. ಆ ಚೀಟಿ, ಅಂದರೆ ವೇರಿಯಬಲ್, ನನಗೆ ಅರ್ಥವಾಯಿತು! ಆಲ್ಜೀಬ್ರಾದ ಸಿಸ್ಟರ್ ಇದ್ದಿದ್ದರೆ ಶಿಲುಬೆ ಮುಟ್ಟಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಗಿರಿಜಾ ತಕರಾರು ತೆಗೆದಳು. "ನಿನ್ನ ಕ್ಲಾಸಿಗೆ ಜಾಗಾ ಕೊಟ್ಟ ನಾಲತವಾಡದ ಚನ್ನಪ್ಪ ಹಿರ್ಯಾರು. ಅವರ ಉಪಕಾರ ಕಾಲಾಗ್ಯಾಕ ಹಾಕೀದಿ? ಮ್ಯಾಲ ಹಾಕು."

"ಥ್ಯಾಂಕ್ಯೂ ಫಸ್ಟ್, ಮೈ ಡಿಯರ್. ಮ್ಯಾನರ್ಸ್," ಎಂದು ನಾನೂ ಒಗ್ಗರಣೆ ಹಾಕಿದೆ. ರುಕ್ಸಾನಾ ಆ ಫೈಲನ್ನು ಒಡಪಿನ ಮೇಲಕ್ಕೇರಿಸಿ, ಎಲ್ಲ ಮುಗಿಯಿತೆಂದು ಎದ್ದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಸವಂತಪ್ಪ ಮೂಗಿಗೆ ಚಾಳೀಸು ಏರಿಸಿ, ಫೋನಿನಲ್ಲಿ ಆ ಪುಟ ತೆರೆದು, ವಾರ್ಡಿಗೆಲ್ಲ ಕೇಳುವಂತೆ ಓದಿದರು:

"ರೊಟ್ಟಿ ಮ್ಯಾಲ ಇಟ್ಟೇನಿ ಬೆಣ್ಣಿ ಮುದ್ದಿ,
ಚನ್ನಪ್ಪನವರ ಮನ್ಯಾಗ ನಡಿಯೂದು ನಂದ ಬುದ್ಧಿ!"

ಪಕ್ಕದ ಮಂಚದವರು ಹೊಟ್ಟೆ ಹಿಡಿದು ನಕ್ಕರು.

"ಗಿರಿಜಾ, ನಾ ಇನ್ನೂ ಬದಕೇನಿ. ಆಗಳೇ ನನ್ನ ಜಾಗಾದಾಗ ಚನ್ನಪ್ಪನ್ನ ಕುಂದರಿಸೀದಿ?"

ಅವರೂ ನಗುತ್ತಿದ್ದರು. ಆದರೆ ಚಾಳೀಸು ಮಡಚಲು ಬಹಳ ಹೊತ್ತು ತೆಗೆದುಕೊಂಡರು.

ನಾನು ರುಕ್ಸಾನಾಗೆ ಫೋನು ಮಾಡಿದೆ. "ಅಯ್ಯಯ್ಯ ಟೀಚರ್! ಉಪಕಾರದ ಫೈಲಿನ್ಯಾಗೂ 'ಹೆಸರು' ಅಂತನ ಚೀಟಿ ಹಚ್ಚಿದ್ದೆ. ಅದು ಮ್ಯಾಲ ಹೋಗಿ ಕಾಕಾನ ಹೆಸರ ಅಳಿಸಿ ಚನ್ನಪ್ಪನ್ನ ತುಂಬೇತಿ. ಬ್ಯಾರೆ ಚೀಟಿ ಹಚ್ಚಬೇಕಿತ್ರಿ!" ಉಪ್ಪಿನ ಡಬ್ಬಿಗೆ ಯಾರೋ ಸಕ್ಕರೆ ಸುರಿದಂತಾಗಿತ್ತು.

"ಈಗಿಂದೀಗ ಸರಿ ಮಾಡು!"

"ಸಿಂದಗಿ ಸ್ಟ್ಯಾಂಡಿನ್ಯಾಗ ನಿಂತೇನ್ರಿ. ಕಂಪ್ಯೂಟರ್ ಕ್ಲಾಸಿನ್ಯಾಗ ಐತಿ. ಸಂಜಿಕ ಮಾಡ್ತೇನಿ."

ಸಂಜೆಯವರೆಗೆ ಕಾಯುವವರು ಯಾರು? ತಳ್ಳುವ ಮಂಚ ಬಾಗಿಲಿಗೆ ಬಂದಾಗಿತ್ತು.

ಆಪರೇಷನ್ ಸುಸೂತ್ರವಾಯಿತು. ಅಲ್ಲಿಂದಲೇ ದಂಪತಿ ಹುನಗುಂದದ ಮಗಳ ಮನೆಗೆ ಹೋದರು. ಬಸವಂತಪ್ಪ ಅಲ್ಲೇ ಕೆಲವು ವರ್ಷ ಸುಖವಾಗಿದ್ದು ತೀರಿಕೊಂಡರು. ಇವತ್ತು ಔಷಧಿ ಅಂಗಡಿಯ ಮೆಟ್ಟಿಲಿಳಿಯುವಾಗ ನಾನು, ಸ್ಟುಪಿಡ್ ಓಲ್ಡ್ ವುಮನ್, ಎಂದೋ ತೀರಿಹೋದ ನನ್ನವರ ಹೆಸರನ್ನು ಬಾಯಿ ತುಂಬ ಕೂಗಿದೆ. ಆಟೋದವನೊಬ್ಬ ತಿರುಗಿ ನೋಡಿದ.

ಬಸವಂತಪ್ಪನವರನ್ನು ನಾನು ಕೊನೆಯ ಸಲ ಕಂಡದ್ದು ಆಸ್ಪತ್ರೆಯ ಆ ತಳ್ಳುವ ಮಂಚದ ಮೇಲೆ. ಗಿರಿಜಾ ಓಡಿಹೋಗಿ ಅದರ ಸರಳು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಒಡಪು ಗಿಡಪು ಏನೂ ಇಲ್ಲದೆ ಕೂಗಿದಳು: "ಬಸವಂತಪ್ಪಾ!"

ನರ್ಸುಗಳೆಲ್ಲ ನಿಂತುಬಿಟ್ಟರು. ಬಸವಂತಪ್ಪ ಕಿವಿಯ ಹಿಂದೆ ಕೈ ಇಟ್ಟುಕೊಂಡರು.

"ಏನಂದಿ? ಕೇಳಿಸ್ಲಿಲ್ಲ. ಇನ್ನೊಮ್ಮೆ ಅನ್ನು."

ಅವಳು ಅಂದಳು. ಬಾಗಿಲು ಮುಚ್ಚುವವರೆಗೂ ಅವರು ಕಿವಿಯ ಕೈ ತೆಗೆಯಲೇ ಇಲ್ಲ.